ಸಾತಪ್ಪನ ನಾಲ್ಕು ಎಕರೆ

ಸಡಾ ಮೇಲಿನ ಆಫೀಸು, ಗಡಹಿಂಗ್ಲಜ ತಾಲೂಕು
೧೬ ಜುಲೈ ೨೦೨೫

ಛಾಯಕ್ಕನಿಗೆ ತಮ್ಮ ಅಭಯಕುಮಾರನ ಜಯ ಜಿನೇಂದ್ರ.

ಚಾತುರ್ಮಾಸ ಮುಗಿಯುವ ತನಕ ಮೊಬೈಲ್ ಮುಟ್ಟುವುದಿಲ್ಲ ಎಂದು ನಿಯಮ ಹಿಡಿದವಳು ನೀನು, ಶಿಕ್ಷೆ ಮಾತ್ರ ನನಗಾಯಿತು. ಹೈಸ್ಕೂಲು ಬಿಟ್ಟ ಮೇಲೆ ಇಷ್ಟುದ್ದ ಕನ್ನಡ ನಾನು ಬರೆದಿಲ್ಲ. ಅಕ್ಷರ ನೋಡಿ ನಗಬೇಡ. ಜಿನೇಂದ್ರ ಭಾವನ ಕೈಗೂ ಕೊಡಬೇಡ.

ಹೋದ ಗುರುವಾರ ಅಕಿವಾಟದಲ್ಲಿ ಮುನಿಮಹಾರಾಜರ ಮುಂದೆ ನೀನು ನನ್ನ ಬೆನ್ನಿಗೆ ಕೈ ಹಚ್ಚಿ ದೂಡಿದೆ. ನಾನು ಕೈಮುಗಿದು ಹೇಳಿಬಿಟ್ಟೆ: ದೀಪಾವಳಿಯ ತನಕ ಜೀವಹಿಂಸೆ ಮಾಡುವುದಿಲ್ಲ, ಮಾಡಿಸುವುದಿಲ್ಲ, ಮಾಡಿದವರಿಗೆ ಹೂಂ ಅನ್ನುವುದಿಲ್ಲ. ಆಗ ನನ್ನ ತಲೆಯಲ್ಲಿ ಇದ್ದದ್ದು ಸೊಳ್ಳೆ, ಇರುವೆ ಅಷ್ಟೇ. ಗೆದ್ದಲಿನ ನೆನಪೇ ಆಗಲಿಲ್ಲ ನೋಡು.

ನೀನು ಈ ಜಾಗ ನೋಡಿಲ್ಲ. ಗುಡ್ಡದ ತಲೆಯ ಮೇಲೆ ಚಪ್ಪಟೆ ಬಯಲು. ಊರವರು ಸಡಾ ಅನ್ನುತ್ತಾರೆ. ಏಳು ವರ್ಷ ಇಲ್ಲಿಂದ ಬಾಕ್ಸೈಟ್ ಅಗೆದು ಒಯ್ದರು. ಗಣಿ ಮುಚ್ಚಿದ ಮೇಲೆ ಗುಂಡಿಗೆ ಉಳಿದ ಕಲ್ಲು ತುಂಬಿ, ಮೊದಲೇ ಬಳಿದು ಒಟ್ಟಿಟ್ಟಿದ್ದ ಕೆಂಪು ಮಣ್ಣನ್ನು ಮೊಳದಷ್ಟು ದಪ್ಪ ಹರಡಿ, ಹೋದ ಮಳೆಗಾಲದಲ್ಲಿ ಸಸಿ ನೆಟ್ಟೆವು. ಕರಂಜಿ, ಶಿವಣಿ, ಅಕೇಶಿಯಾ. ಅಕ್ಟೋಬರಿನಲ್ಲಿ ಸರಕಾರದವರು ಬಂದು ಎಣಿಸುತ್ತಾರೆ. ನೂರಕ್ಕೆ ಎಂಬತ್ತು ಸಸಿ ಜೀವ ಇದ್ದರೆ ಆ ಹೊಲ ರೈತನಿಗೆ ವಾಪಸು. ಇಲ್ಲದಿದ್ದರೆ ಇನ್ನೂ ಎರಡು ವರ್ಷ ಕಾಯಬೇಕು.

ಇಲ್ಲಿ ಸಾತಪ್ಪ ಅಂತ ಒಬ್ಬ ರೈತ ಇದ್ದಾನೆ. ಅರವತ್ತೆಂಟರ ಆಸುಪಾಸು. ಅವನ ನಾಲ್ಕು ಎಕರೆಯಲ್ಲಿ ಸಾವಿರದ ಆರುನೂರು ಸಸಿ ಇವೆ. ದಿನಾ ಬಂದು ನೋಡಿಹೋಗುತ್ತಾನೆ. ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು, ಅಷ್ಟರಲ್ಲಿ ಅವನ ಹೊಲಕ್ಕೇ ಗೆದ್ದಲು ಹತ್ತಿತು. ಮೊದಲು ಆಸರೆಗೆ ಹುಗಿದ ಬಿದಿರಿನ ಕೋಲು ತಿಂದವು, ಈಗ ಸಸಿಯ ತೊಗಟೆಗೆ ಬಂದಿವೆ. ಕಂತ್ರಾಟುದಾರರು ಎರಡು ಕ್ಯಾನು ಔಷಧ ಕಳಿಸಿದ್ದಾರೆ. ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಹಾಕಿದ್ದೇನೆ, ಕೀಲಿಕೈ ನನ್ನ ಅಂಗಿಯ ಜೇಬಿನಲ್ಲಿದೆ. ಕೆಲಸದ ಹೆಂಗಸರಿಗೆ ಹಾಕಿರಿ ಎಂದರೆ ಹತ್ತು ನಿಮಿಷದಲ್ಲಿ ಶುರು ಮಾಡುತ್ತಾರೆ. ಆದರೆ ಮಾಡಿಸುವುದಿಲ್ಲ ಅಂತಲೂ ಹೇಳಿದ್ದೇನಲ್ಲ.

ಏನು ಮಾಡಲಿ? ಸಂತೆಯ ದಿನ ಗಡಹಿಂಗ್ಲಜಕ್ಕೆ ಇಳಿದಾಗ ಟಪಾಲು ನೋಡುತ್ತೇನೆ. ಲಗೂನ ಬರೆ.

ನಿನ್ನ ತಮ್ಮ
ಅಭಯ

&nbsp;

ಕಬನೂರ, ಇಚಲಕರಂಜಿ
೨೩ ಜುಲೈ ೨೦೨೫

ಅಭಯನಿಗೆ ಆಶೀರ್ವಾದ.

ನಿನ್ನ ಅಕ್ಷರ ನೋಡಿ ನಕ್ಕೆ. ಮೊದಲೇ ಹೇಳಿಬಿಡುತ್ತೇನೆ, ಸುಳ್ಳು ಯಾಕೆ. ನಿನ್ನ ಭಾವನಿಗೂ ತೋರಿಸಿದೆ.

ನಿಯಮ ಅಂದರೆ ನಿಯಮ. ನಡುವೆ ಕೆಲಸಕ್ಕೆ ಅಡ್ಡ ಬಂತು ಅಂತ ಬಿಡುವುದಾದರೆ ಹಿಡಿಯುವುದು ಯಾಕೆ? ಕೊಲ್ಲದೆ ಮಾಡುವ ಉಪಾಯ ಏನಿದೆ ನೋಡು. ಬಿದಿರಿನ ಕೋಲು ಕಿತ್ತು ದೂರ ಎಸೆ. ಬುಡಕ್ಕೆ ಬೇವಿನ ಹಿಂಡಿ ಹಾಕು. ಕಬ್ಬಿನ ಒಣ ರವದಿ ತಂದು ಬದುವಿನ ಆಚೆ ಒಟ್ಟು. ಅಪ್ಪ ಅಕಿವಾಟದ ಹೊಲದಲ್ಲಿ ಹೀಗೇ ಮಾಡುತ್ತಿದ್ದ, ನೀನು ಮರೆತಿರಬಹುದು. ಅಲ್ಲಿ ಹೊಟ್ಟೆ ತುಂಬಿದರೆ ಅವು ಸಸಿಗೆ ಯಾಕೆ ಬರುತ್ತವೆ.

ಒಂದು ಮಾತು ಕೇಳುತ್ತೇನೆ. ನೀನು ನೋಡಿಕೊಳ್ಳುವುದು ಅರವತ್ತು ಎಕರೆ. ಪತ್ರದ ತುಂಬ ಬರೆದದ್ದು ಆ ಒಬ್ಬ ಸಾತಪ್ಪನ ನಾಲ್ಕು ಎಕರೆಯದು. ಯುಗಾದಿಗೆ ಬಂದಾಗಲೂ ನೀನು ಸರಿಯಾಗಿ ಉಣ್ಣಲಿಲ್ಲ. ಹೋಳಿಗೆ ತಟ್ಟೆಯಲ್ಲೇ ಉಳಿದಿತ್ತು. ಸಪ್ಪಗಿದ್ದೀಯಲ್ಲ ಅಂದರೆ ಬಿಸಿಲು ಅಂದೆ. ಅವನಿಗೂ ನಿನಗೂ ಏನು ಸಂಬಂಧ? ಬರೆಯದೆ ಬಿಟ್ಟದ್ದನ್ನು ಬರೆ.

ಮಗ್ಗದ ಸದ್ದಿನಲ್ಲಿ ಕೂತು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಅಕ್ಕ
ಛಾಯಾ

&nbsp;

ಸಡಾ
೩೧ ಜುಲೈ ೨೦೨೫

ಛಾಯಕ್ಕಾ,

ನೀನು ಹೇಳಿದ್ದನ್ನೆಲ್ಲ ಮಾಡಿದೆ. ರವದಿಗೆ ಮೂರು ದಿನ ಮುತ್ತಿದವು, ನನಗೆ ಕುಣಿಯಬೇಕು ಅನ್ನಿಸಿತು. ನಾಲ್ಕನೆಯ ದಿನ ಮಳೆ ಹೊಡೆದು ರವದಿ ಕೊಳೆಯಿತು, ಬೇವಿನ ಹಿಂಡಿ ತೊಳೆದುಹೋಯಿತು. ಮಳೆ ನಿಂತ ಕೂಡಲೆ ಅವು ಮತ್ತೆ ಸಸಿಗೆ ಬಂದವು. ನೂರಾ ತೊಂಬತ್ತು ಸಸಿ ಹೋಗಿವೆ. ಮುನ್ನೂರಾ ಇಪ್ಪತ್ತು ದಾಟಿದರೆ ಸಾತಪ್ಪನ ಹೊಲ ಕೈ ತಪ್ಪುತ್ತದೆ.

ಮೊನ್ನೆ ನಾಗರ ಪಂಚಮಿ. ಸಾತಪ್ಪನ ಹೆಂಡತಿ ಬಾಳಕ್ಕ ಹೊಸ ಸೀರೆ ಉಟ್ಟು, ಹಾಲು, ಅರಳು ಹಿಡಿದು ಸಡಾ ಹತ್ತಿ ಬಂದಳು. ಇಲ್ಲಿ ಎಲ್ಲಿ ಹುತ್ತ ಬಾಳಕ್ಕಾ ಅಂದೆ. ಅವಳು ಹೊಲದ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಮೊಣಕಾಲೆತ್ತರದ ಹುತ್ತ, ಇನ್ನೂ ಹಸಿ.

"ಹ್ವಾದ ವರ್ಷ ಇರಲಿಲ್ಲರಿ ಸಾಹೇಬ್ರ. ನಾಗಪ್ಪ ಬಂದಾನೋ ಇಲ್ಲೋ ಗೊತ್ತಿಲ್ಲ, ಒರಲಿ ಅಂತೂ ಮನಿ ಕಟ್ಯಾವ. ಮಣ್ಣಿಗಿ ಜೀವ ಬಂದೈತಿ."

ಹಿಂದೆ ನಿಂತಿದ್ದ ಸಾತಪ್ಪ ಸಿಡುಕಿದ. "ಅದ ಒರಲಿ ನಮ್ಮ ಹೊಲಾ ತಿನ್ನಾಕತ್ತೈತಿ, ಇಕಿ ಅದಕ್ಕ ಹಾಲ ಎರಿಯಾಕತ್ತಾಳ. ಸಾಹೇಬ್ರ, ಎಣಸೂತನಕ ಜೀವ ಹಿಡದ್ರ ಸಾಕ್ರಿ ಇವು. ಈ ಸಲ ಆದ್ರೂ ಸಿಗತೈತಲ್ರಿ?"

ಸಿಗುತ್ತದೆ ಎಂದೆ.

ಬರೆಯದೆ ಬಿಟ್ಟದ್ದನ್ನು ಬರೆ ಎಂದೆಯಲ್ಲ, ಬರೆಯುತ್ತೇನೆ. ೨೦೧೪ರಲ್ಲಿ ಗಣಿಗೆ ಹೊಲ ಬಿಟ್ಟುಕೊಡುವ ಕರಾರಿಗೆ ಸಾತಪ್ಪನ ಕಡೆಯಿಂದ ಸಹಿ ಮಾಡಿಸಿದವನು ನಾನು. ಕಾಗದವೆಲ್ಲ ಮರಾಠಿಯಲ್ಲಿತ್ತು. ಮನೆಯಲ್ಲಿ ಕನ್ನಡ ಆಡುವ ರೈತರ ಹತ್ತಿರ ಗಣಿಯ ಸಾಹೇಬರು ನನ್ನನ್ನೇ ಕಳಿಸುತ್ತಿದ್ದರು. ನಾನು ಅವನ ಕಟ್ಟೆಯ ಮೇಲೆ ಕೂತು ಮಜ್ಜಿಗೆ ಕುಡಿದು, "ಏಳು ವರ್ಷ ಅಷ್ಟ. ಇದ್ದಂಗ ನಿಮ್ಮ ಕೈಯಾಗ ಕೊಡತೇವಿ" ಅಂದೆ. ಅವನು, "ನಮ್ಮ ಮಾತ ಆಡಾಂವ ಸುಳ್ಳ ಯಾಕ ಹೇಳತಾನ" ಎಂದು ಸಹಿ ಮಾಡಿದ. ಹನ್ನೊಂದು ವರ್ಷವಾಯಿತು. ಅವನು ಒಂದು ದಿನವೂ ನನ್ನನ್ನು ಬೈದಿಲ್ಲ. ಬೈದಿದ್ದರೆ ನನಗೆ ಹೋಳಿಗೆ ಇಳಿಯುತ್ತಿತ್ತೋ ಏನೋ.

ಇನ್ನೊಂದಿದೆ. ಔಷಧ ಹಾಕಿದಿರಾ ಎಂದು ಮೇಲಿನವರು ಕೇಳಿದರು. ಹಾಕಿದೆ ಎಂದು ರಿಜಿಸ್ಟರಿನಲ್ಲಿ ಬರೆದೆ. ತಾರೀಖು ಹಾಕಿ ಸಹಿಯನ್ನೂ ಮಾಡಿದೆ. ಗೆದ್ದಲು ಕೊಲ್ಲಬಾರದು ಅಂತ ಸುಳ್ಳು ಬರೆದೆ. ಎರಡರಲ್ಲಿ ಯಾವುದು ದೊಡ್ಡ ಪಾಪ ನನಗೆ ತಿಳಿಯುತ್ತಿಲ್ಲ. ನನಗೆ ಈಗ ಯಾವುದೂ ತಿಳಿಯುತ್ತಿಲ್ಲ ಅಕ್ಕಾ.

ಅಭಯ

&nbsp;

ಕಬನೂರ
೫ ಆಗಸ್ಟ್ ೨೦೨೫

ಅಭಯ,

ರಾಖಿ ಕಳಿಸಿದ್ದೇನೆ. ಯಾರ ಕೈಯಿಂದಲಾದರೂ ಕಟ್ಟಿಸಿಕೋ.

ನಿನ್ನ ಪತ್ರಕ್ಕೆ ಮೂರು ಸಲ ಉತ್ತರ ಬರೆದು ಮೂರು ಸಲ ಹರಿದೆ. ಹೋದ ಸಲ ಪಟಪಟ ಬರೆದವಳಿಗೆ ಈಗ ಏನೂ ತೋಚುತ್ತಿಲ್ಲ. ಇಷ್ಟೇ ಹೇಳುತ್ತೇನೆ. ಸಾತಪ್ಪನಿಗೆ ನೀನೇ ಹೇಳು. ನಿಯಮದ್ದೂ ಹೇಳು, ರಿಜಿಸ್ಟರಿನದೂ ಹೇಳು. ಹೊಲ ಅವನದು. ಅವನಿಗೆ ಗೊತ್ತಿರಬೇಕು.

ಛಾಯಾ

&nbsp;

ಸಡಾ
೨೬ ಆಗಸ್ಟ್ ೨೦೨೫

ಛಾಯಕ್ಕಾ,

ರಾಖಿ ಬಾಳಕ್ಕ ಕಟ್ಟಿದಳು.

ಸಾತಪ್ಪನಿಗೆ ಹೇಳಲು ನನಗೆ ಎರಡು ವಾರ ಹಿಡಿಯಿತು. ಅಷ್ಟರಲ್ಲಿ ಸತ್ತ ಸಸಿ ಇನ್ನೂರಾ ಅರವತ್ತಾಗಿದ್ದವು. ಹೋದ ಶುಕ್ರವಾರ ಮುಂಜಾನೆ ಅವನು ಆಫೀಸಿನ ಕಟ್ಟೆಯ ಮೇಲೆ ತಂಬಾಕು ತಿಕ್ಕುತ್ತ ಕೂತಿದ್ದ. ನಾನು ಹೋಗಿ ಬಾಜೂಕ್ಕೆ ಕೂತೆ.

"ಸಾತಪ್ಪಣ್ಣಾ, ಔಷಧ ಹಾಕಿಲ್ಲ. ಪುಸ್ತಕದಾಗ ಅಷ್ಟ ಹಾಕೇನಿ ಅಂತ ಬರದೇನಿ."

ತಿಕ್ಕುವುದು ನಿಂತಿತು. "ಯಾಕ್ರಿ?"

"ನೇಮ ಹಿಡದೇನಿ. ದೀಪಾವಳಿ ತನಕ ಯಾವ ಜೀವಾನೂ ಕೊಲ್ಲಂಗಿಲ್ಲ."

"ಒರಲೀನೂ?"

"ಅದೂ ಜೀವ ಅಲ್ಲೇನ್ರಿ."

ಅವನು ತಂಬಾಕು ಬಾಯಿಗೆ ಹಾಕಿಕೊಳ್ಳದೆ ಕೆಳಗೆ ಝಾಡಿಸಿದ. "ಹಂಗಾದ್ರ ನಾವು ಯಾವ ಲೆಕ್ಕದಾಗ ಬರತೇವ್ರಿ ಸಾಹೇಬ್ರ? ನಮ್ಮದೂ ಜೀವ ಹೌದೋ ಅಲ್ಲೋ?"

ನಾನು ಎದ್ದು ಒಳಗೆ ಹೋದೆ. ಗೊಬ್ಬರದ ಚೀಟಿ ತೆಗೆದುಕೊಂಡು, ಗಾಡಿ ಚಾಲೂ ಮಾಡಿ ಗಡಹಿಂಗ್ಲಜಕ್ಕೆ ಇಳಿದೆ. ಸಾಮಾನಿನ ಕೋಣೆಯ ಕೀಲಿಕೈ ಜೇಬಿನಲ್ಲಿ ಇರಲಿಲ್ಲ. ಮೇಜಿನ ಮೇಲೆ ಉಳಿದಿತ್ತು. ಅದು ನೆನಪಾದಾಗ ನಾನು ಇನ್ನೂ ಅರ್ಧ ಘಾಟಿನಲ್ಲಿದ್ದೆ, ತಿರುಗಿ ಬರಬಹುದಿತ್ತು. ಬರಲಿಲ್ಲ. ಮರೆತೆನೋ ಬಿಟ್ಟುಹೋದೆನೋ, ಆವತ್ತಿನಿಂದ ಕೇಳಿಕೊಳ್ಳುತ್ತಿದ್ದೇನೆ.

ಮಧ್ಯಾಹ್ನ ಮೂರಕ್ಕೆ ಮೇಲೆ ಬಂದಾಗ ತಿರುವಿನಿಂದಲೇ ಔಷಧದ ವಾಸನೆ ಹೊಡೆಯಿತು. ಸಾತಪ್ಪ ಮೂಗಿಗೆ ಟವೆಲ್ ಕಟ್ಟಿಕೊಂಡು, ಬಕೆಟ್ಟಿನಲ್ಲಿ ಕಲಸಿ, ತಂಬಿಗೆಯಿಂದ ಒಂದೊಂದೇ ಸಸಿಯ ಬುಡಕ್ಕೆ ಹೊಯ್ಯುತ್ತಿದ್ದ. ಒಂದು ಕ್ಯಾನು ಖಾಲಿಯಾಗಿತ್ತು. ಬಾಳಕ್ಕ ಹುತ್ತದ ಮುಂದೆ ಕಾಲು ಚಾಚಿ ಕೂತಿದ್ದಳು.

"ಇದರ ಮ್ಯಾಲ ಸುರಿಯೂದಿದ್ರ ಮೊದಲ ನನ್ನ ಮ್ಯಾಲ ಸುರೀರಿ," ಅಂದಳು ಗಂಡನಿಗೆ.

ಅವನು ಅವಳನ್ನು ಸುತ್ತು ಹಾಕಿ ಮುಂದಿನ ಸಾಲಿಗೆ ಹೋದ. ನನ್ನ ಕಡೆ ನೋಡಿದ. ಬೇಡ ಅನ್ನುತ್ತೇನೋ ಏನೋ ಎಂದು ಕಾದ ಹಾಗಿತ್ತು. ನಾನು ಬೇಡ ಅನ್ನಲಿಲ್ಲ, ಹಾಕು ಅಂತಲೂ ಅನ್ನಲಿಲ್ಲ.

ಆದರೆ ಅಕ್ಕಾ, ನಿನಗೆ ಸುಳ್ಳು ಬರೆಯಲಾರೆ. ನನಗೆ ಖುಷಿಯಾಯಿತು. ಅಂದು ಹೊತ್ತು ಮುಳುಗುವ ಮೊದಲು ಮೂರು ಭಕ್ರಿ ಉಂಡೆ. ಎಷ್ಟೋ ತಿಂಗಳ ಮೇಲೆ ಹಸಿವಾಗಿತ್ತು. ಕೈತೊಳೆಯುವಾಗ ತಿಳಿಯಿತು, ನಾನು ಹೂಂ ಅಂದುಬಿಟ್ಟಿದ್ದೇನೆ ಎಂದು. ಬಾಯಿ ಬಿಟ್ಟು ಅನ್ನಲಿಲ್ಲ, ಹೊಟ್ಟೆ ತುಂಬ ಅಂದೆ.

ರಿಜಿಸ್ಟರಿನಲ್ಲಿ ಬರೆದ ಸುಳ್ಳು ಈಗ ನಿಜವಾಗಿದೆ. ತಾರೀಖು ಮಾತ್ರ ತಪ್ಪು. ಗೆದ್ದಲು ನಿಂತಿದೆ. ನಾನು ಸಂತೋಷಪಡಬೇಕೋ, ಸಡಾ ಬಿಟ್ಟು ಓಡಿಹೋಗಬೇಕೋ?

ಅಭಯ

&nbsp;

ಕಬನೂರ
೮ ಸೆಪ್ಟೆಂಬರ್ ೨೦೨೫

ಅಭಯ,

ಇವತ್ತು ಕ್ಷಮಾವಣಿ. ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಅಂದೆವು. ಪಕ್ಕದ ಮನೆಯವಳಿಗೆ ಹೇಳುವಾಗ ನಾಲಿಗೆ ಸಲೀಸಾಗಿ ಹೊರಳಿತು. ನಿನಗೆ ಬರೆಯಲು ಕೂತರೆ ಕೈ ಹೊರಳುತ್ತಿಲ್ಲ.

ಬೆನ್ನಿಗೆ ಕೈ ಹಚ್ಚಿ ದೂಡಿದವಳು ನಾನು. ಯುಗಾದಿಗೆ ಬಂದಾಗ ನಿನ್ನ ಮುಖ ನೋಡಿ, ಜೀವಕ್ಕೆ ಏನಾದರೂ ಮಾಡಿಕೊಳ್ಳುತ್ತೀಯೋ ಎಂದು ಹೆದರಿದ್ದೆ. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ, ನಿಯಮಕ್ಕೆ ಕಟ್ಟಿದರೆ ನೀನು ಎಲ್ಲಿಗೂ ಹೋಗುವುದಿಲ್ಲ ಅಂದುಕೊಂಡೆ. ನಿನ್ನ ಕೆಲಸ ಏನು, ಅಲ್ಲಿ ಏನು ಇರುತ್ತದೆ, ಒಂದು ಮಾತು ಕೇಳಲಿಲ್ಲ. ನನ್ನ ಹೆದರಿಕೆಗೆ ನಿನ್ನ ಕೈ ಕಟ್ಟಿದೆ. ನನ್ನನ್ನು ಕ್ಷಮಿಸು.

ಮಹಾರಾಜರಿಗೆ ಕೇಳಿಬರೋಣ ಎಂದು ಅಕಿವಾಟಕ್ಕೆ ಹೋಗಿದ್ದೆ. ಎದುರಿಗೆ ಒಂದು ತಾಸು ಕೂತು, ಪ್ರಸಾದದ ಹಾಗೆ ನನ್ನ ಪ್ರಶ್ನೆಯನ್ನು ಸೆರಗಿನಲ್ಲೇ ಕಟ್ಟಿಕೊಂಡು ತಿರುಗಿ ಬಂದೆ. ಅವರು ತಪ್ಪು ಅಂದರೆ ನಿನಗೆ ಹೇಗೆ ಬರೆಯಲಿ, ಸರಿ ಅಂದರೆ ನಾನು ಹೇಗೆ ನಂಬಲಿ?

ಇನ್ನೊಂದು ಹೇಳುತ್ತೇನೆ. ನಿನ್ನ ಪತ್ರ ಓದಿದ ಕೂಡಲೆ ಕಪಾಟು ತೆಗೆದು ಮೊಬೈಲ್ ಹಿಡಿದು ನಿನ್ನ ನಂಬರು ಒತ್ತಿದೆ. ನಿನ್ನ ಸಡಾದಲ್ಲಿ ರೇಂಜೇ ಇಲ್ಲವಲ್ಲ, ಯಾವಳೋ ಮರಾಠಿಯಲ್ಲಿ ಸಂಪರ್ಕ ಕ್ಷೇತ್ರದ ಹೊರಗೆ ಅಂದಳು. ಫೋನು ಹತ್ತಲಿಲ್ಲ, ನಿಯಮ ಮುರಿಯಿತು. ಭಾವ ನಗುತ್ತಿದ್ದಾರೆ. ನನಗೆ ನಗು ಬರಲಿಲ್ಲ, ಅತ್ತುಬಿಟ್ಟೆ.

ಕೀಲಿಕೈಯ ಮಾತು ಕೇಳಿದ್ದೀಯ. ಚಿಕ್ಕಂದಿನಿಂದ ನೀನು ಯಾವ ಸಾಮಾನನ್ನೂ ಎಲ್ಲೂ ಮರೆತವನಲ್ಲ. ಇದನ್ನು ಬರೆಯಬಾರದು ಎಂದಿದ್ದೆ, ಬರೆದೆ. ಸಾತಪ್ಪನ ಹತ್ತಿರ ಹೋಗಿ ಕ್ಷಮೆ ಕೇಳು. ಹನ್ನೊಂದು ವರ್ಷದ್ದು ಕೇಳು.

ನಿನ್ನ ಅಕ್ಕ
ಛಾಯಾ

&nbsp;

ಗಡಹಿಂಗ್ಲಜ
೨೪ ನವೆಂಬರ್ ೨೦೨೫

ಛಾಯಕ್ಕಾ,

ನಿನ್ನ ಕೈಗೆ ಈಗ ಮೊಬೈಲ್ ಬಂದಿದೆ, ನಾನು ಸಡಾ ಇಳಿದು ರೇಂಜಿಗೆ ಬಂದಾಗೆಲ್ಲ ನಾಲ್ಕು ಸಲ ಹೊಡೆಯುತ್ತೀಯ. ಆದರೂ ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಲು ಹೋದರೆ ನೀನು ನಡುವೆ ಬಾಯಿ ಹಾಕುತ್ತೀಯ.

ಸಾತಪ್ಪನ ಹೊಲ ಪಾಸಾದದ್ದು ನಿನಗೆ ಗೊತ್ತು. ಮೃಣಾಲ ಅಂತ ಒಬ್ಬ ಸಣ್ಣ ವಯಸ್ಸಿನ ಆಫೀಸರಬಾಯಿ ಬಂದು, ಸಾಲು ಹಿಡಿದು ನಡೆದು, ಒಂದೊಂದು ಸಸಿ ಮುಟ್ಟಿ ಎಣಿಸಿದಳು. ನೂರಕ್ಕೆ ಎಂಬತ್ತೆರಡು. ಹೋದ ಸೋಮವಾರ ಕಾಗದ ಸಾತಪ್ಪನ ಕೈಗೆ ಬಂತು. ಅವನು ಅದನ್ನು ಓದಿಸಲೂ ಇಲ್ಲ, ಮಡಚಿ ತಲೆಯ ಪಟಕಾದೊಳಗೆ ಇಟ್ಟುಕೊಂಡ.

ನಿನಗೆ ಹೇಳದ್ದು ಇನ್ನು ಮುಂದಿನದು. ಕ್ಷಮಾವಣಿಯ ಮರುವಾರ ನಾನು ಕ್ಷಮೆ ಕೇಳಲು ಹೋದಾಗ ಅವನು, "ಹೊಲಾ ಕೈಗಿ ಬರಲ್ರಿ, ಆಮ್ಯಾಲ ನೋಡೂಣು," ಎಂದಿದ್ದ. ಆದ್ದರಿಂದ ಮೊನ್ನೆ ಶನಿವಾರ ಮತ್ತೆ ಹೋದೆ. ಪೇಢೆ ಒಯ್ದಿದ್ದೆ. ದೂರದಿಂದ ಸಾತಪ್ಪ ಗುದ್ದಲಿ ಹಿಡಿದು ಬಗ್ಗಿದ್ದು ಕಂಡಿತು. ಸಸಿಗೆ ಪಾತಿ ಮಾಡುತ್ತಿದ್ದಾನೆ, ಪಾಪ ಎಷ್ಟು ಅಕ್ಕರೆ ಅಂದುಕೊಂಡೆ. ಹತ್ತಿರ ಹೋದರೆ ಒಂದೊಂದೇ ಸಸಿ ಅಗೆದು ಕೀಳುತ್ತಿದ್ದ. ಬದುವಿನ ಮೇಲೆ ಆಳೆತ್ತರದ ಒಟ್ಟಿಲು ಬಿದ್ದಿತ್ತು.

"ಏನ ಮಾಡಾಕತ್ತೀರಿ ಸಾತಪ್ಪಣ್ಣಾ?"

"ಹೊಲಾ ಹಸನ ಮಾಡಾಕತ್ತೇನ್ರಿ. ಮುಂದಿನ ಮಳಿಗಿ ನಾಚಣಿ ಬಿತ್ತಬೇಕು."

"ಮತ್ತ ಗಿಡ?"

"ಗಿಡಾ ಯಾರಿಗಿ ಬೇಕಾಗಿತ್ರಿ? ಗಿಡದ ಬುಡಕ ನಾಚಣಿ ಬರತೈತೇನು? ನಮ್ಮ ಅಜ್ಜ ಮುತ್ತ್ಯಾನ ಕಾಲದಿಂದ ಈ ಸಡಾದಾಗ ನಾಚಣಿ, ಹುಲ್ಲು. ಗಿಡಾ ಯಾವಾಗಿತ್ತು ಇಲ್ಲಿ?"

ರಾಗಿ ಬಿತ್ತುವುದಕ್ಕೆ ಗಿಡ ಕೀಳುತ್ತಿದ್ದ. ನಾನು ಬದುವಿನ ಮೇಲೆ ಕೂತೆ. ಸಾವಿರದ ಆರುನೂರು ಸಸಿ. ಅವನ್ನು ಉಳಿಸಲು ರವದಿ ಹೊತ್ತೆ, ಸುಳ್ಳು ಬರೆದೆ, ನಿಯಮ ಮುರಿದೆ. ಲೆಕ್ಕವಿಲ್ಲದಷ್ಟು ಜೀವ ಸತ್ತವು. ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು.

"ಇಷ್ಟ ದಿನ ಯಾಕ ಹೇಳಲಿಲ್ರಿ?"

ಅವನು ಗುದ್ದಲಿ ಊರಿ ನಿಂತ. "ಯಾರ ಕೇಳಿದ್ರಿ? ಒಬ್ಬರು ಬಂದು ಕಲ್ಲು ಬೇಕು ಅಂದ್ರು, ಕೊಟ್ಟೆ. ಇನ್ನೊಬ್ಬರು ಬಂದು ಗಿಡಾ ಎಣಸಬೇಕು ಅಂದ್ರು, ಎಣಸ್ರಿ ಅಂದೆ. ಸಾತಪ್ಪ, ನಿನಗೇನ ಬೇಕಪಾ ಅಂತ ಯಾರೂ ಕೇಳಲಿಲ್ಲ. ನೀವೂ ಕೇಳಲಿಲ್ಲಲ್ರಿ."

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಹನ್ನೊಂದು ವರ್ಷ ದಿನಾ ಮುಖ ನೋಡಿದ್ದೇನೆ ಅಕ್ಕಾ. ಮಳೆ ಬಂತೇ, ಆರಾಮೇ, ಊಟವಾಯಿತೇ ಎಲ್ಲ ಕೇಳಿದ್ದೇನೆ. ಅದೊಂದನ್ನು ಕೇಳಿರಲಿಲ್ಲ. ಕೊಡುತ್ತೇನೆ ಕೊಡುತ್ತೇನೆ ಅಂದೆ, ಏನು ಕೊಡಬೇಕೆಂದು ನನಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಾಳಕ್ಕ ಬುತ್ತಿ ತಂದಳು. ನಾಲ್ಕು ಕರಂಜಿ ಇರಲಿ, ಬುತ್ತಿ ಉಣ್ಣುವುದಕ್ಕೆ ನೆರಳು ಬೇಕು ಅಂದಳು. ಸಾತಪ್ಪ ಎರಡು ಸಾಕು ಅಂದ. ಇಬ್ಬರೂ ಅದಕ್ಕೇ ಜಗಳಕ್ಕೆ ನಿಂತರು. ನಾನು ಪೇಢೆಯ ಡಬ್ಬಿ ಹಿಡಿದು ನಡುವೆ ನಿಂತೇ ಕೈಮುಗಿದೆ.

"ಸಾತಪ್ಪಣ್ಣಾ, ಹೊಲಾ ಕೈಗಿ ಬಂತು. ಈಗರೆ ಕ್ಷಮಾ ಮಾಡ್ತೀರೇನ್ರಿ?"

ಅವನು ಒಂದು ಪೇಢೆ ಬಾಯಿಗೆ ಹಾಕಿಕೊಂಡ. ಬೇಲಿಗೆ ಒರಗಿಸಿಟ್ಟ ಎರಡನೆಯ ಗುದ್ದಲಿ ತಂದು ನನ್ನ ಕೈಗೆ ಕೊಟ್ಟ. "ಆ ಸಾಲು ನಿಮ್ಮದ್ರಿ," ಅಂದ.

ಮಧ್ಯಾಹ್ನದ ತನಕ ಅಗೆದೆ. ಅಂಗೈ ಬೊಬ್ಬೆ ಎದ್ದಿದೆ, ಪೆನ್ನು ಹಿಡಿಯಲು ಬರುತ್ತಿಲ್ಲ. ನಾನೇ ನೆಡಿಸಿದ್ದು, ನಾನೇ ನೀರು ಹಾಕಿಸಿದ್ದು, ನಾನೇ ಕಿತ್ತೆ. ನಿನ್ನೆಯೂ ಹೋಗಿದ್ದೆ. ಇನ್ನೂ ಒಂಬೈನೂರು ಉಳಿದಿವೆ. ಕ್ಷಮಿಸಿದ್ದೇನೆ ಎಂದು ಅವನು ಇವತ್ತಿನ ತನಕ ಅಂದಿಲ್ಲ. ನಿನ್ನೆ ಸಂಜೆ ಬರುವಾಗ, "ನಾಳಿ ಲಗೂನ ಬರ್ರಿ, ಬಿಸಲ ಏರತೈತಿ," ಅಂದ ಅಷ್ಟೇ. ನಾಲ್ಕು ದಿನ ರಜೆ ಬರೆದು ಕೊಟ್ಟಿದ್ದೇನೆ.

ನಿನ್ನ ತಮ್ಮ
ಅಭಯ